ಬಿಆರ್‌ಝಡ್ ತಿರುವಿನಲ್ಲಿ ಮೂತಿ ಹೊರಕ್ಕೆ ಎಳೆಯುತ್ತಿದೆ: ಕಾಯಿಲೋವರ್ ಹಾಕಿಸಲಾ?

ಕೇಳಿದವನು: 2013ರ ಸುಬಾರು ಬಿಆರ್‌ಝಡ್ ಸ್ಪೋರ್ಟ್ಸ್ ಕಾರು ಸೆಕೆಂಡ್‌ಹ್ಯಾಂಡ್ ತಗೊಂಡು ಆರು ತಿಂಗಳಾಯಿತು. ಇರುವುದು ಕ್ಯಾಲಿಫೋರ್ನಿಯಾದಲ್ಲಿ. ಭಾನುವಾರ ಬೆಳಗ್ಗೆ ಹೈವೇ 9ರ ಘಾಟಿ, ತಿಂಗಳಿಗೊಮ್ಮೆ ಆಟೋಕ್ರಾಸ್ (ಖಾಲಿ ಜಾಗದಲ್ಲಿ ಕೋನ್‌ಗಳ ಮಧ್ಯೆ ಸಮಯ ನೋಡಿ ಓಡಿಸುವ ಸ್ಪರ್ಧೆ). ಬಿಗಿ ತಿರುವಿಗೆ ಹಾಕಿದರೆ ಮೂತಿ ಹೊರಕ್ಕೆ ಹೋಗುತ್ತದೆ, ಗ್ಯಾಸ್ (ಆಕ್ಸಿಲರೇಟರ್) ಕೊಟ್ಟರೆ ಹಿಂಬದಿ ಪಟ್ ಅಂತ ಜಾರುತ್ತದೆ. ಕಾಯಿಲೋವರ್ (ಎತ್ತರ ಹೊಂದಿಸಬಹುದಾದ ಸ್ಪ್ರಿಂಗ್-ಶಾಕ್ ಸೆಟ್) ಹಾಕಿಸಿ ಕಾರನ್ನು ಎರಡು ಇಂಚು ಇಳಿಸಬೇಕು ಅಂತಿದ್ದೇನೆ. ಬಜೆಟ್ 1,500 ಡಾಲರ್. ಅನುಭವ ಇದ್ದವರು ಹೇಳಿ.

ಬಿಳಿ ಬಿಆರ್‌ಝಡ್: ದುಡ್ಡು ಜೇಬಲ್ಲೇ ಇರಲಿ ಗುರು, ಮೊದಲು ಅಲೈನ್‌ಮೆಂಟ್, ಅಂದರೆ ಚಕ್ರಗಳ ಕೋನ ಸರಿ ಮಾಡಿಸಿ. ಈ ಕಾರಿಗೆ ಕಂಪನಿಯಿಂದ ಬರುವಾಗ ಮುಂದಿನ ಕ್ಯಾಂಬರ್ (ಎದುರಿನಿಂದ ನೋಡಿದಾಗ ಚಕ್ರ ವಾಲಿರುವ ಕೋನ; ಮೇಲ್ಭಾಗ ಒಳಕ್ಕಿದ್ದರೆ ಮೈನಸ್) ಹೆಚ್ಚೂಕಮ್ಮಿ ಸೊನ್ನೆ. ಮುಂದೆ ಇರುವುದು ಮ್ಯಾಕ್‌ಫರ್ಸನ್ ಸ್ಟ್ರಟ್ (ಶಾಕ್, ಸ್ಪ್ರಿಂಗ್ ಒಂದೇ ಕಂಬದಲ್ಲಿರುವ ಸಸ್ಪೆನ್ಷನ್). ತಿರುವಿನಲ್ಲಿ ಬಾಡಿ ವಾಲಿದಾಗ ಹೊರಗಿನ ಚಕ್ರವೂ ಅದರ ಜೊತೆ ವಾಲಿ, ಟೈರ್ ತನ್ನ ಹೊರ ಅಂಚಿನ ಮೇಲೆ ನಿಲ್ಲುತ್ತದೆ. ಅಲ್ಲಿಗೆ ಗ್ರಿಪ್ ಅರ್ಧ ಹೋಯಿತು ಅಂತಲೇ ಲೆಕ್ಕ. ಸ್ಟ್ರಟ್‌ನ ಮೇಲಿನ ಬೋಲ್ಟ್ ತೆಗೆದು ಕ್ಯಾಂಬರ್ ಬೋಲ್ಟ್ ಹಾಕಿಸಿದೆ, ಮೈನಸ್ ಒಂದೂವರೆ ಡಿಗ್ರಿ ಹತ್ತಿರ ಸಿಕ್ಕಿತು. ಮುಂದೆ ಟೋ (ಮೇಲಿಂದ ನೋಡಿದಾಗ ಚಕ್ರದ ಮುಂಭಾಗ ಒಳಕ್ಕೋ ಹೊರಕ್ಕೋ ತಿರುಗಿರುವುದು) ಸೊನ್ನೆ, ಹಿಂದೆ ಒಂಚೂರು ಒಳಕ್ಕೆ. ಹಿಂದಿನ ಟೋ ಹೊರಕ್ಕೆ ಇದ್ದರೆ ಮಾತ್ರ ಹುಷಾರು, ಬ್ರೇಕ್ ಬಿಟ್ಟ ಕ್ಷಣವೇ ಬಾಲ ಅಲ್ಲಾಡಿಸುತ್ತದೆ.

ಇನ್ನೊಂದು ವಿಷಯ. ನೀವು ಹೇಳಿದ ಎರಡು ಕಾಯಿಲೆ ಬೇರೆ ಬೇರೆ ಅಲ್ಲ ಅನ್ನಿಸುತ್ತದೆ. ಮೂತಿ ತಿರುಗಲಿಲ್ಲ ಅಂತ ಸ್ಟೀರಿಂಗ್ ಇನ್ನಷ್ಟು ತಿರುಗಿಸಿರುತ್ತೀರಿ, ಬೇಸರಕ್ಕೆ ಗ್ಯಾಸ್ ಬೇರೆ ಕೊಡುತ್ತೀರಿ, ಆಗ ಹಿಂಬದಿ ಬಿಟ್ಟುಕೊಡದೆ ಇನ್ನೇನು ಮಾಡೀತು? ಮುಂದಿನದು ಸರಿಹೋದರೆ ಹಿಂದಿನದು ಮುಕ್ಕಾಲು ಪಾಲು ತಾನಾಗೇ ಸರಿಹೋಗುತ್ತದೆ. ನನಗಂತೂ ಹಾಗೇ ಆಯಿತು.

ಇಳಿಸಿ ಕೆಟ್ಟವನು: ಎರಡು ಇಂಚು ಅಂದಿದ್ದಕ್ಕೆ ಬರೀತಿದ್ದೇನೆ, ನಾನೂ ಅದನ್ನೇ ಮಾಡಿದ್ದೆ. ನಿಂತಾಗ ನೋಡೋಕೆ ಸೂಪರ್. ಆದರೆ ಕೆಳಗಿನ ಕಂಟ್ರೋಲ್ ಆರ್ಮ್ (ಚಕ್ರವನ್ನು ಕಾರಿಗೆ ಜೋಡಿಸುವ ತೋಳು) ಚಕ್ರದ ಕಡೆಗೆ ಮೇಲಕ್ಕೆ ಓರೆಯಾಗಿ ನಿಲ್ಲುತ್ತದೆ. ಬಾಡಿ ಇಳಿದದ್ದಕ್ಕಿಂತ ರೋಲ್ ಸೆಂಟರ್ (ತಿರುವಿನಲ್ಲಿ ಬಾಡಿ ಯಾವ ಬಿಂದುವಿನ ಸುತ್ತ ವಾಲುತ್ತದೋ ಅದು) ಜಾಸ್ತಿ ಇಳಿಯುತ್ತದೆ. ಅದೇ ಸ್ಪ್ರಿಂಗ್ ಇದ್ದರೆ ವಾಲುವುದು ಹೆಚ್ಚಾಗುತ್ತದೆ, ಕಡಿಮೆ ಅಲ್ಲ! ಸ್ಟ್ರಟ್ ಒತ್ತಿದಷ್ಟೂ ಕ್ಯಾಂಬರ್ ಉಲ್ಟಾ ಹೋಗುತ್ತದೆ.

ಅದಕ್ಕಿಂತ ದೊಡ್ಡ ತಲೆನೋವು ಬಂಪ್ ಸ್ಟಾಪ್, ಅಂದರೆ ಶಾಕ್ ಪೂರ್ತಿ ಒತ್ತಿಹೋಗದಂತೆ ತಡೆಯುವ ರಬ್ಬರ್. ಶಾಕ್ ರಾಡ್‌ಗೆ ಒಂದು ಜಿಪ್ ಟೈ ಬಿಗಿದು ಘಾಟಿ ಹತ್ತಿ ಬಂದೆ. ನೋಡಿದರೆ ಟೈ ನೇರ ರಬ್ಬರ್‌ವರೆಗೂ ತಳ್ಳಿಸಿಕೊಂಡಿತ್ತು. ಅಂದರೆ ತಿರುವಿನ ಮಧ್ಯೆ ಹಿಂದಿನ ಸ್ಪ್ರಿಂಗ್ ಕೆಲಸ ಮುಗಿಸಿ ಕಾರು ರಬ್ಬರ್ ಮೇಲೆ ಕೂತಿರುತ್ತಿತ್ತು. ಹಿಂಬದಿ ಒಂದೇ ಸಲ ಕಲ್ಲಿನ ಹಾಗೆ ಗಟ್ಟಿಯಾದಾಗ ಹಿಂದಿನ ಟೈರ್ ಕೈಬಿಡುತ್ತದೆ. ಮುಂಚೆ ಏನೂ ಸೂಚನೆ ಇರುವುದಿಲ್ಲ. ಈಗ ಇಳಿಸಿದ್ದು ಮುಕ್ಕಾಲು ಇಂಚು ಮಾತ್ರ ಇರುವಂತೆ ವಾಪಸ್ ಏರಿಸಿ ನೆಮ್ಮದಿಯಾಗಿದ್ದೇನೆ.

ಕೆಂಪು ಎಫ್‌ಆರ್‌ಎಸ್: ಮೂತಿ ಹೊರಕ್ಕೆ ಹೋದರೆ ಹಿಂದಿನ ಆಂಟಿ ರೋಲ್ ಬಾರ್ (ಎಡ-ಬಲ ಚಕ್ರಗಳನ್ನು ಜೋಡಿಸಿ ವಾಲುವುದನ್ನು ತಡೆಯುವ ಕಂಬಿ) ದಪ್ಪ ಮಾಡಿ ಅಂತ ಯಾರಾದರೂ ಹೇಳೇ ಹೇಳುತ್ತಾರೆ. ಮಾತು ಸುಳ್ಳಲ್ಲ, ಆದರೆ ಮಿತಿ ಇದೆ. ನಾನು ತೀರಾ ದಪ್ಪದ್ದು ಹಾಕಿಸಿದೆ. ಕೋನ್‌ಗಳ ಮಧ್ಯೆ ಹಿಂದಿನ ಒಳಚಕ್ರ ನೆಲ ಬಿಟ್ಟು ಏಳುತ್ತಿತ್ತು. ನಮ್ಮ ಕಾರಿನ ಟಾರ್ಸನ್ ಡಿಫರೆನ್ಷಿಯಲ್ (ಎರಡು ಹಿಂಚಕ್ರಕ್ಕೆ ಶಕ್ತಿ ಹಂಚುವ ಗೇರ್) ಕೆಲಸ ಮಾಡಬೇಕಾದರೆ ಎರಡೂ ಚಕ್ರಕ್ಕೆ ಒಂಚೂರಾದರೂ ಹಿಡಿತ ಬೇಕು. ಒಂದು ಗಾಳಿಯಲ್ಲಿದ್ದರೆ ಅದು ಸುಮ್ನೆ ತಿರುಗುತ್ತದೆ, ಕಾರು ಮುಂದೆ ಹೋಗುವುದಿಲ್ಲ.

ಅಂದಹಾಗೆ, ಆ ಕಾಲದಲ್ಲಿ ನಿಮ್ಮ ಬಿಆರ್‌ಝಡ್‌ಗೆ ಮುಂದಿನ ಸ್ಪ್ರಿಂಗ್ ನಮ್ಮ ಎಫ್‌ಆರ್‌ಎಸ್‌ಗಿಂತ (ಟೊಯೋಟಾದವರು ಸಯಾನ್ ಹೆಸರಲ್ಲಿ ಮಾರಿದ ಇದರ ಜೋಡಿ ಕಾರು) ಗಟ್ಟಿ, ಹಿಂದಿನದು ಮೆತ್ತಗೆ. ಒಂದೇ ಕಾರು, ಸ್ವಭಾವ ಬೇರೆ. ಹಾಗಾಗಿ ಮೂತಿ ತಳ್ಳುವುದು ನಿಮ್ಮದರಲ್ಲಿ ಒಂದು ಕೈ ಜಾಸ್ತಿಯೇ.

ಬಿಳಿ ಬಿಆರ್‌ಝಡ್: ಕೇಳೋಕೆ ಮರೆತೆ, ಟೈರ್ ಯಾವುದು? ಪ್ರೆಶರ್ ಎಷ್ಟು? ಓಡಿಸುವ ಮುಂಚೆ ಟೈರ್ ಅಂಚಿಗೆ ಸೀಮೆಸುಣ್ಣದಲ್ಲಿ ಅಡ್ಡಗೆರೆ ಎಳೆಯಿರಿ. ಎಲ್ಲಿವರೆಗೆ ಅಳಿಸಿದೆಯೋ ಅಲ್ಲಿವರೆಗೆ ಟೈರ್ ಮಡಚಿದೆ ಅಂತ ಅರ್ಥ. ಮತ್ತೆ, ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ.

ಕೇಳಿದವನು: ನಾಚಿಕೆ ಬಿಟ್ಟು ಹೇಳ್ತೀನಿ. ಬಾಗಿಲ ಪಕ್ಕದ ಸ್ಟಿಕ್ಕರ್‌ನಲ್ಲಿ 35 ಪಿಎಸ್‌ಐ ಅಂತಿದೆ, ನನ್ನ ನಾಲ್ಕರಲ್ಲೂ 42 ಇತ್ತು! ಮುಂದಿನ ಎರಡು ಟೈರ್ ಹೊರ ಅಂಚು ಬೋಳು, ಹಿಂದಿನವು ಬೇರೆ ಕಂಪನಿಯ ಆಲ್ ಸೀಸನ್. ಬಿಳಿ ಸೀಮೆಸುಣ್ಣ ಸಿಗಲಿಲ್ಲ, ಮಗಳ ಗುಲಾಬಿ ಬಣ್ಣದ ಚಾಕ್‌ನಲ್ಲಿ ಗೆರೆ ಎಳೆದೆ. ಮುಂದಿನ ಎಡಗಡೆ ಟೈರ್‌ನಲ್ಲಿ ಪಕ್ಕದ ಮೈಮೇಲಿನ ಅಕ್ಷರಗಳವರೆಗೂ ಅಳಿಸಿಹೋಗಿದೆ. ನಾಲ್ಕು ಹೊಸ ಟೈರ್, ಕ್ಯಾಂಬರ್ ಬೋಲ್ಟ್ ಆರ್ಡರ್ ಮಾಡಿದೆ, ಶನಿವಾರ ಅಲೈನ್‌ಮೆಂಟ್.

ಇಳಿಸಿ ಕೆಟ್ಟವನು: ಹಳೇ ಟೈರ್ ಎಸೀಬೇಡಿ. ಒದ್ದೆ ಪಾರ್ಕಿಂಗ್ ಲಾಟ್‌ನಲ್ಲಿ ಜಾರಿಸಿ ಕಲಿಯೋಕೆ ಅದಕ್ಕಿಂತ ಒಳ್ಳೇದು ಸಿಗಲ್ಲ.