ನನ್ನ ಸಾಮರ್ಥ್ಯಕ್ಕಿಂತ ಹೆಚ್ಚು ಶಕ್ತಿಯಿರುವ ಕಾರನ್ನು ಸುರಕ್ಷಿತವಾಗಿ ಓಡಿಸುವುದು ಹೇಗೆ?

ಪ್ರಶ್ನೆ: ಬೆಂಗಳೂರಿನ ಸದಸ್ಯರಿಂದ

ಎಲ್ಲರಿಗೂ ನಮಸ್ಕಾರ. 2014ರ ಪೋರ್ಷೆ 911 ಕರೇರಾ ಕಾರೊಂದನ್ನು ಇತ್ತೀಚೆಗೆ ಸೆಕೆಂಡ್ ಹ್ಯಾಂಡ್‌ನಲ್ಲಿ ಕೊಂಡಿದ್ದೇನೆ. ಇದಕ್ಕೆ 3.4 ಲೀಟರಿನ, 350 ಅಶ್ವಶಕ್ತಿಯ ಎಂಜಿನ್ ಮತ್ತು ಪಿಡಿಕೆ ಎಂಬ ಆಟೊಮ್ಯಾಟಿಕ್ ಗೇರ್‌ಬಾಕ್ಸ್ ಇದ್ದು, ಶಕ್ತಿ ಹಿಂದಿನ ಚಕ್ರಗಳಿಗೆ ಮಾತ್ರ ಹೋಗುತ್ತದೆ. ಇದಕ್ಕೆ ಮೊದಲು ನಾನು ಓಡಿಸುತ್ತಿದ್ದುದು ನೂರು ಚಿಲ್ಲರೆ ಅಶ್ವಶಕ್ತಿಯ ಡೀಸೆಲ್ ಸೆಡಾನ್. ಹೊಸ ಕಾರು ಎಷ್ಟು ಸ್ಥಿರವಾಗಿ ಓಡುತ್ತದೆಂದರೆ, ಗಂಟೆಗೆ 100 ಕಿ.ಮೀ. ವೇಗದಲ್ಲಿದ್ದರೂ ಹಳೆಯ ಕಾರಿನಲ್ಲಿ 60ರಲ್ಲಿ ಹೋದಂತೆ ಅನಿಸುತ್ತದೆ. ನನ್ನ ಚಿಂತೆಗೆ ಇದೇ ಕಾರಣ, ಏಕೆಂದರೆ ಕಾರಿನ ಮಿತಿ ಎಲ್ಲಿದೆಯೋ ಅದಕ್ಕಿಂತ ಬಹಳ ಮುಂಚೆಯೇ ನನ್ನ ಮಿತಿ ಮುಗಿದಿರುತ್ತದೆ, ಆದರೆ ಅದು ಮುಗಿದದ್ದು ನನಗೆ ತಿಳಿಯುವುದಿಲ್ಲ.

ಕಾರನ್ನು ಅಡ್ಡಜಾರದಂತೆ ತಡೆಯುವ ಪಿಎಸ್‌ಎಂ ವ್ಯವಸ್ಥೆಯನ್ನು ಆಫ್ ಮಾಡದಿದ್ದರೆ ಏನೂ ಆಗುವುದಿಲ್ಲ ಎಂದು ಗೆಳೆಯರು ಹೇಳುತ್ತಾರೆ. ಇನ್ನು ಕೆಲವರು, 911ರಲ್ಲಿ ತಿರುವಿನ ನಡುವೆ ಆಕ್ಸಿಲರೇಟರ್‌ನಿಂದ ಕಾಲು ತೆಗೆಯಲೇಬಾರದು ಎನ್ನುತ್ತಾರೆ. ಹಳೆಯ ಕಾರಿನಲ್ಲಿ ಹೆದರಿಕೆಯಾದಾಗ ನಾನು ಮಾಡುತ್ತಿದ್ದುದೇ ಅದು. ಈ ಎರಡು ಮಾತುಗಳಲ್ಲಿ ಎಷ್ಟು ನಿಜವಿದೆ? ನನ್ನ ಮಿತಿಯನ್ನು ಅಪಾಯವಿಲ್ಲದೆ ತಿಳಿದುಕೊಳ್ಳುವ ದಾರಿ ಯಾವುದು? ಹೆಂಡತಿ ಮಕ್ಕಳೂ ಈ ಕಾರಿನಲ್ಲಿ ಕುಳಿತುಕೊಳ್ಳುವವರಾದ್ದರಿಂದ ಅನುಭವಿಗಳ ಸಲಹೆಯನ್ನು ನಿಜವಾಗಿ ಬಯಸುತ್ತಿದ್ದೇನೆ.

ಉತ್ತರ: ಪುಣೆಯಲ್ಲಿರುವ ಆಟೊಮೊಬೈಲ್ ಎಂಜಿನಿಯರ್

ನಿಮ್ಮ ಎರಡನೆಯ ಪ್ರಶ್ನೆಯಿಂದ ಆರಂಭಿಸುತ್ತೇನೆ, ಏಕೆಂದರೆ ಅದು ಅರ್ಥವಾದರೆ ಮೊದಲನೆಯದರ ಉತ್ತರ ತಾನಾಗಿ ಸಿಗುತ್ತದೆ.

911ರ ಎಂಜಿನ್ ಹಿಂದಿನ ಆಕ್ಸಲ್‌ಗಿಂತಲೂ ಹಿಂದಿದೆ. ಕಾರಿನ ಭಾರದಲ್ಲಿ ಹೆಚ್ಚುಕಡಿಮೆ ಶೇ. 60ರಷ್ಟು ಹಿಂದಿನ ಚಕ್ರಗಳ ಮೇಲೆ ಬೀಳುತ್ತದೆ. ನಿಂತಲ್ಲಿಂದ ಹೊರಡುವಾಗಲೂ ತಿರುವಿನಿಂದ ಹೊರಬರುವಾಗಲೂ ಈ ಭಾರ ಹಿಂದಿನ ಟೈರುಗಳನ್ನು ರಸ್ತೆಗೆ ಒತ್ತಿ ಒಳ್ಳೆಯ ಹಿಡಿತ ಕೊಡುತ್ತದೆ. ಆದರೆ ತಿರುವಿನ ನಡುವೆ ಕಾಲನ್ನು ಥಟ್ಟನೆ ತೆಗೆದರೆ ಭಾರ ಮುಂದಕ್ಕೆ ಸರಿಯುತ್ತದೆ, ಮುಂದಿನ ಟೈರುಗಳ ಹಿಡಿತ ಹೆಚ್ಚುತ್ತದೆ, ಅದೇ ಗಳಿಗೆಯಲ್ಲಿ ಹಗುರಾದ ಹಿಂದಿನ ಟೈರುಗಳು ಭಾರವಾದ ಹಿಂಬದಿಯನ್ನು ಹಿಡಿದಿಡಬೇಕಾಗುತ್ತದೆ. ಅವುಗಳಿಂದ ಅದು ಆಗದಿದ್ದಾಗ ಹಿಂಬದಿ ಹೊರಕ್ಕೆ ಬೀಸಿ ಕಾರು ಗಿರಕಿ ಹೊಡೆಯುತ್ತದೆ. ಮುಂದಿನ ಚಕ್ರ ಎಳೆಯುವ ನಿಮ್ಮ ಸೆಡಾನಿನಲ್ಲಿ ಕಾಲು ತೆಗೆದರೆ ಸಾಮಾನ್ಯವಾಗಿ ಕಾರು ಸ್ವಲ್ಪ ಒಳಕ್ಕೆ ತಿರುಗಿ ವೇಗ ಇಳಿಯುತ್ತಿತ್ತು, ಆದ್ದರಿಂದ ನಿಮ್ಮ ಕಾಲಿಗೆ ಆ ಅಭ್ಯಾಸ ಬಂದಿದೆ.

ಹೇಳಲೇಬೇಕಾದ ಇನ್ನೊಂದು ವಿಷಯವೆಂದರೆ, 1970ರ ದಶಕದ 911 ಟರ್ಬೊಗಳಿಗೆ ಇದ್ದ ಕೆಟ್ಟ ಹೆಸರನ್ನು ನಿಮ್ಮ ಕಾರಿಗೆ ಅಂಟಿಸುವುದು ಸರಿಯಲ್ಲ. ನಿಮ್ಮದು 991 ಪೀಳಿಗೆಯದು. ಅದರ ವೀಲ್‌ಬೇಸ್, ಅಂದರೆ ಮುಂದಿನ ಮತ್ತು ಹಿಂದಿನ ಚಕ್ರಗಳ ನಡುವಿನ ಅಂತರ, ಹಿಂದಿನ ಪೀಳಿಗೆಗಿಂತ 100 ಮಿ.ಮೀ. ಉದ್ದವಾಗಿದೆ, ಹಿಂದಿನ ಟೈರುಗಳು 285 ಮಿ.ಮೀ. ಅಥವಾ ಅದಕ್ಕಿಂತ ಅಗಲವಾಗಿವೆ. ಒಣ ರಸ್ತೆಯಲ್ಲಿ ಅದನ್ನು ಜಾರಿಸುವುದು ಸುಲಭವಲ್ಲ. ನನ್ನ ಅಭಿಪ್ರಾಯದಲ್ಲಿ ನಿಜವಾದ ಅಪಾಯ ಇಲ್ಲಿಂದಲೇ ಶುರುವಾಗುತ್ತದೆ. ಹಳೆಯ ಕಾರು ಸದ್ದು, ವಾಲಾಟ, ಟೈರಿನ ಕೀರಲು ಇವುಗಳ ಮೂಲಕ ಬಹಳ ಮುಂಚೆಯೇ ಎಚ್ಚರಿಸುತ್ತಿತ್ತು. ಈ ಕಾರು ನಿಮ್ಮ ಸಣ್ಣ ತಪ್ಪುಗಳನ್ನೆಲ್ಲ ಮೌನವಾಗಿ ನುಂಗಿಕೊಳ್ಳುತ್ತದೆ, ನುಂಗಲಾಗದ ತಪ್ಪು ನಡೆಯುವ ಹೊತ್ತಿಗೆ ವೇಗ ಬಹಳ ಹೆಚ್ಚಾಗಿರುತ್ತದೆ.

ಪಿಎಸ್‌ಎಂ ಬಗ್ಗೆ ಹೇಳುವುದಾದರೆ, ಅದು ಒಂದೊಂದು ಚಕ್ರಕ್ಕೂ ಬೇರೆ ಬೇರೆಯಾಗಿ ಬ್ರೇಕ್ ಹಾಕಿ, ಎಂಜಿನ್ನಿನ ಶಕ್ತಿ ತಗ್ಗಿಸಿ ಕಾರನ್ನು ನೇರ ಮಾಡಲು ಯತ್ನಿಸುತ್ತದೆ. ಅದು ಅತ್ಯುತ್ತಮ ವ್ಯವಸ್ಥೆ, ರಸ್ತೆಯಲ್ಲಿ ಎಂದಿಗೂ ಆಫ್ ಮಾಡಬೇಡಿ. ಆದರೆ ಅದಕ್ಕೂ ಕೆಲಸಕ್ಕೆ ಸಿಗುವುದು ಟೈರಿನಲ್ಲಿರುವ ಹಿಡಿತ ಮಾತ್ರ, ಹೊಸ ಹಿಡಿತವನ್ನು ಅದು ಸೃಷ್ಟಿಸಲಾರದು. ಒಂದು ತಿರುವನ್ನು 60ರಲ್ಲಿ ತೆಗೆದುಕೊಳ್ಳುವ ಬದಲು 75ರಲ್ಲಿ ತೆಗೆದುಕೊಂಡರೆ ಟೈರುಗಳ ಮೇಲಿನ ಬೇಡಿಕೆ ಒಂದೂವರೆ ಪಟ್ಟಿಗಿಂತ ಹೆಚ್ಚಾಗುತ್ತದೆ, ಏಕೆಂದರೆ ಅದು ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ.

ನಿಲ್ಲುವ ದೂರವೂ ಹಾಗೆಯೇ. ಚಾಲಕ ಪ್ರತಿಕ್ರಿಯಿಸಲು ಒಂದೂವರೆ ಸೆಕೆಂಡ್ ಬೇಕೆಂದು ಹಿಡಿದರೆ, ಒಣ ರಸ್ತೆಯಲ್ಲಿ ಒಳ್ಳೆಯ ಟೈರಿದ್ದಾಗ 100 ಕಿ.ಮೀ. ವೇಗದಿಂದ ನಿಲ್ಲಲು ಸುಮಾರು 80 ಮೀಟರ್ ಬೇಕು. 150ರಿಂದ ನಿಲ್ಲಲು ಸುಮಾರು 150 ಮೀಟರ್ ಬೇಕು. ಮಳೆಯಲ್ಲಿ ಹಿಡಿತ ಅರ್ಧಕ್ಕೆ ಇಳಿದರೆ 100ರಿಂದಲೇ 120 ಮೀಟರ್ ಆಗುತ್ತದೆ. ಇದರಲ್ಲಿ ಮೊದಲ 40 ಮೀಟರನ್ನು ಯಾವ ದುಬಾರಿ ಬ್ರೇಕೂ ಕಡಿಮೆ ಮಾಡಲಾರದು, ಏಕೆಂದರೆ ಆಗ ನಿಮ್ಮ ಕಾಲಿನ್ನೂ ಬ್ರೇಕ್ ಮೇಲೆ ಬಂದಿರುವುದಿಲ್ಲ. ಘಾಟಿ ರಸ್ತೆಯ ತಿರುವಿನಲ್ಲಿ ನಿಮಗೆ 40 ಮೀಟರ್ ಮಾತ್ರ ಕಾಣುತ್ತಿದ್ದರೆ, ಅಷ್ಟರೊಳಗೆ ನಿಲ್ಲಬಲ್ಲ ವೇಗವೇ ಅಲ್ಲಿನ ನಿಮ್ಮ ಮಿತಿ. ಟೈರು ಎಷ್ಟನ್ನು ತಾಳಬಲ್ಲದು ಎಂಬ ಪ್ರಶ್ನೆ ಅಲ್ಲಿ ಬರುವುದೇ ಇಲ್ಲ.

ಆದ್ದರಿಂದ ವೇಗವನ್ನು ತಿರುವಿಗೆ ಮೊದಲೇ, ಕಾರು ನೇರವಾಗಿರುವಾಗಲೇ ಇಳಿಸಿ, ತಿರುವಿನೊಳಗೆ ಆಕ್ಸಿಲರೇಟರ್ ಮೇಲೆ ಹಗುರವಾದ ಒಂದೇ ಒತ್ತಡವಿಟ್ಟುಕೊಳ್ಳಿ. ವೇಗ ಹೆಚ್ಚಾಯಿತೆನಿಸಿದರೆ ಕಾಲನ್ನು ನಿಧಾನವಾಗಿ ಸಡಿಲಿಸಿ. ಎದುರಿಗೆ ಏನಾದರೂ ಅಡ್ಡ ಬಂದರೆ ಮಾತ್ರ ಈ ನಯಗಾರಿಕೆಯನ್ನೆಲ್ಲ ಬಿಟ್ಟು ಬ್ರೇಕನ್ನು ಪೂರ್ತಿ ಒತ್ತಿ, ತೆರವಿರುವ ಕಡೆಗೆ ನೋಡುತ್ತ ಸ್ಟಿಯರಿಂಗ್ ತಿರುಗಿಸಿ. ಎಬಿಎಸ್, ಪಿಎಸ್‌ಎಂ ಎರಡೂ ಇರುವುದು ಅಂತಹ ಗಳಿಗೆಗಾಗಿಯೇ.

ಉತ್ತರ: ಸ್ಟಟ್‌ಗಾರ್ಟ್‌ನಲ್ಲಿ ನೆಲೆಸಿರುವ ಕನ್ನಡಿಗ

ಮೇಲಿನ ಉತ್ತರಕ್ಕೆ ಪೂರಕವಾಗಿ ಇಲ್ಲಿನ ಒಂದು ಪದ್ಧತಿಯನ್ನು ಹೇಳಬೇಕೆನಿಸಿತು. ಜರ್ಮನಿಯ ಮೋಟಾರು ಸಂಘವಾದ ಎಡಿಎಸಿ ಚಾಲನಾ ಸುರಕ್ಷತೆಯ ತರಬೇತಿ ಕೇಂದ್ರಗಳನ್ನು ನಡೆಸುತ್ತದೆ. ಅಲ್ಲಿ ನೀರು ಹರಿಸಿದ ನುಣುಪಾದ ಅಂಗಳಕ್ಕೆ ಮೊದಲು ನೆಲದಲ್ಲಿ ಒಂದು ತಟ್ಟೆ ಇರುತ್ತದೆ. ಕಾರಿನ ಹಿಂದಿನ ಚಕ್ರಗಳು ಅದರ ಮೇಲೆ ಬಂದೊಡನೆ ಅದು ಚಕ್ರಗಳನ್ನು ಎಡಕ್ಕೋ ಬಲಕ್ಕೋ ತಳ್ಳುತ್ತದೆ, ಯಾವ ಕಡೆಗೆಂದು ಮೊದಲೇ ತಿಳಿಯುವುದಿಲ್ಲ. ಜಾರುವ ಕಾರನ್ನು ಹಿಡಿಯುವುದೆಂದರೇನು ಎಂಬುದು ಅಲ್ಲಿ ಕಡಿಮೆ ವೇಗದಲ್ಲೇ ಮೈಗೆ ತಿಳಿಯುತ್ತದೆ. ವೇಗವನ್ನು ಸ್ವಲ್ಪವೇ ಏರಿಸಿದರೂ, ಈಗಷ್ಟೇ ಹಿಡಿಯಲು ಸಾಧ್ಯವಾದ ಕಾರು ಕೈತಪ್ಪುತ್ತದೆ. ಇದನ್ನು ಒಮ್ಮೆ ಕಂಡವರು ಒದ್ದೆ ರಸ್ತೆಯ ಬಗ್ಗೆ ಮತ್ತೆ ಉಡಾಫೆಯಿಂದ ಮಾತನಾಡಲಾರರು ಎಂದು ನಾನು ನಂಬಿದ್ದೇನೆ.

ನ್ಯೂರ್‌ಬರ್ಗ್‌ರಿಂಗ್‌ನ ನಾರ್ಡ್‌ಶ್ಲೈಫೆ ಬಗ್ಗೆ ಕೇಳಿರುತ್ತೀರಿ. 20.8 ಕಿ.ಮೀ. ಉದ್ದದ ಆ ಟ್ರ್ಯಾಕಿಗೆ ಸಾರ್ವಜನಿಕ ದಿನಗಳಲ್ಲಿ ಶುಲ್ಕ ಕೊಟ್ಟು ಯಾರು ಬೇಕಾದರೂ ಸ್ವಂತ ಕಾರಿನಲ್ಲಿ ಹೋಗಬಹುದು. ಆದರೆ ಆ ದಿನಗಳಲ್ಲಿ ಅಲ್ಲಿ ಸಂಚಾರ ನಿಯಮಗಳೇ ಅನ್ವಯಿಸುತ್ತವೆ, ಎಡಗಡೆಯಿಂದ ಮಾತ್ರ ಓವರ್‌ಟೇಕ್ ಮಾಡಬೇಕು, ಸುತ್ತಿನ ಸಮಯ ಅಳೆಯುವುದು ನಿಷಿದ್ಧ. ದಿಬ್ಬದಾಚೆ ಏನಿದೆಯೆಂದು ಕಾಣದ ತಿರುವುಗಳು ಅಲ್ಲಿ ಬಹಳಷ್ಟಿವೆ. ಹೊಸಬರು ಯಾವಾಗಲೂ ಬಲಬದಿಯಲ್ಲಿ ನಿಧಾನವಾಗಿ ಹೋಗುತ್ತ, ಕನ್ನಡಿ ನೋಡಿ ಹಿಂದಿನವರಿಗೆ ದಾರಿ ಬಿಡುತ್ತಾರೆ, ಇದನ್ನು ಅಲ್ಲಿ ಯಾರೂ ಅವಮಾನವೆಂದು ಎಣಿಸುವುದಿಲ್ಲ. ನಮ್ಮೂರಿನ ಚಾಲಕರಿಗೆ ಕಲಿಸಬೇಕಾದ ಮೊದಲ ಪಾಠ ದಾರಿ ಬಿಡುವುದೇ ಎಂದು ನನಗೆ ಅನಿಸುತ್ತದೆ.

ಇಲ್ಲಿನ ಹೆದ್ದಾರಿಯಾದ ಆಟೊಬಾನ್‌ನಲ್ಲಿ ಎಲ್ಲೆಡೆ ವೇಗದ ಮಿತಿಯಿಲ್ಲವೆಂಬುದು ತಪ್ಪು ಕಲ್ಪನೆ. ಮಿತಿಯಿಲ್ಲದ ಕಡೆಯೂ 130 ಕಿ.ಮೀ. ಶಿಫಾರಸು ಮಾಡಿದ ವೇಗವಾಗಿದ್ದು, ಅದನ್ನು ಮೀರಿ ಹೋಗುವಾಗ ಅಪಘಾತವಾದರೆ ತಪ್ಪು ಇನ್ನೊಬ್ಬರದಾಗಿದ್ದರೂ ನಷ್ಟದ ಒಂದು ಪಾಲನ್ನು ನ್ಯಾಯಾಲಯ ನಿಮ್ಮ ಮೇಲೆ ಹೊರಿಸಬಹುದು.

ಉತ್ತರ: ಮಂಗಳೂರಿನ ಸದಸ್ಯ

ಟೈರಿನ ವಯಸ್ಸಿನ ವಿಷಯ ಯಾರೂ ಹೇಳಲಿಲ್ಲ. ಸೆಕೆಂಡ್ ಹ್ಯಾಂಡ್ ಸ್ಪೋರ್ಟ್ಸ್ ಕಾರುಗಳು ಹೆಚ್ಚು ಕಾಲ ಗ್ಯಾರೇಜಿನಲ್ಲೇ ಇರುವುದರಿಂದ ಟೈರಿನ ಗೀರುಗಳು ಹೊಸದರಂತೆ ಆಳವಾಗಿರುತ್ತವೆ, ಆದರೆ ರಬ್ಬರು ಗಟ್ಟಿಯಾಗಿರುತ್ತದೆ. ಟೈರಿನ ಬದಿಯಲ್ಲಿ ನಾಲ್ಕು ಅಂಕಿಗಳಿರುತ್ತವೆ. ಮೊದಲ ಎರಡು ತಯಾರಾದ ವಾರ, ಕೊನೆಯ ಎರಡು ವರ್ಷ. 2317 ಎಂದಿದ್ದರೆ ಅದು 2017ರ 23ನೆಯ ವಾರದ್ದು. ಆರು ವರ್ಷ ದಾಟಿದ್ದರೆ ನಾಲ್ಕನ್ನೂ ಬದಲಾಯಿಸಿ, ಬ್ರೇಕ್ ಆಯಿಲನ್ನೂ ಹೊಸದಾಗಿ ತುಂಬಿಸಿ.

2013ರ ನವೆಂಬರ್ 30ರಂದು ಕ್ಯಾಲಿಫೋರ್ನಿಯಾದಲ್ಲಿ ನಟ ಪಾಲ್ ವಾಕರ್ ತೀರಿಕೊಂಡ ಅಪಘಾತ ನಿಮಗೆ ನೆನಪಿರಬಹುದು. ಅದು 600ಕ್ಕೂ ಹೆಚ್ಚು ಅಶ್ವಶಕ್ತಿಯ ಪೋರ್ಷೆ ಕರೇರಾ ಜಿಟಿ. ಅದರಲ್ಲಿ ಪಿಎಸ್‌ಎಂ ಇರಲಿಲ್ಲ. ಓಡಿಸುತ್ತಿದ್ದವರು ರೇಸಿನ ಅನುಭವವಿದ್ದ ಅವರ ಗೆಳೆಯರು. ಸುಮಾರು 72 ಕಿ.ಮೀ. ಮಿತಿಯಿದ್ದ ರಸ್ತೆಯಲ್ಲಿ ಕಾರು 130ರಿಂದ 150 ಕಿ.ಮೀ. ವೇಗದಲ್ಲಿತ್ತೆಂದೂ ಟೈರುಗಳು ಒಂಬತ್ತು ವರ್ಷ ಹಳೆಯವೆಂದೂ ತನಿಖೆಯಲ್ಲಿ ತಿಳಿದುಬಂತು. ಚಾಲಕರಿಗೆ ಕೌಶಲವಿತ್ತು, ಆದರೂ ಆ ರಸ್ತೆ, ಆ ಟೈರು, ಆ ವೇಗ ಮೂರೂ ಸೇರಿದಾಗ ಅದು ಸಾಕಾಗಲಿಲ್ಲ.

ನಮ್ಮ ಕರಾವಳಿಯ ಮಳೆಗಾಲದಲ್ಲಿ ಅಗಲವಾದ ಟೈರು ನೀರಿನ ಮೇಲೆ ತೇಲುವುದು ಇನ್ನೂ ಬೇಗ ಎಂಬುದನ್ನೂ ಮರೆಯಬೇಡಿ. 2019ರಲ್ಲಿ ಬಂದ ಹೊಸ 911ರಲ್ಲಿ ರಸ್ತೆ ಒದ್ದೆಯಿರುವುದನ್ನು ಪತ್ತೆಹಚ್ಚಿ ಚಾಲಕನಿಗೆ ತಿಳಿಸುವ ಸೌಲಭ್ಯವಿದೆ. ನಿಮ್ಮ ಕಾರಿನಲ್ಲಿ ಅದಿಲ್ಲ, ಅದನ್ನು ನೀವೇ ಗಮನಿಸಬೇಕು.

ಉತ್ತರ: ಟ್ರ್ಯಾಕ್‌ನಲ್ಲಿ ಹೊಸಬರ ಪಕ್ಕ ಕುಳಿತು ಕಲಿಸುವವರು

ಮಿತಿಯನ್ನು ತಿಳಿಯುವ ದಾರಿ ಯಾವುದೆಂದು ಕೇಳಿದ್ದೀರಿ. ಬೆಂಗಳೂರಿನವರಿಗೆ ಹತ್ತಿರವಿರುವುದು ಶ್ರೀಪೆರಂಬದೂರಿನ ಬಳಿ ಇರುಂಗಾಟ್ಟುಕೋಟೈನಲ್ಲಿರುವ ಮದ್ರಾಸ್ ಇಂಟರ್‌ನ್ಯಾಷನಲ್ ಸರ್ಕ್ಯೂಟ್. 3.7 ಕಿ.ಮೀ. ಉದ್ದದ ಆ ಟ್ರ್ಯಾಕಿಗೆ, ತರಬೇತಿ ಸಹಿತ ಟ್ರ್ಯಾಕ್ ದಿನವಿದ್ದಾಗ ಹೋಗಿ. ಹೋಗುವ ಮುನ್ನ ವಿಮೆಯ ಷರತ್ತುಗಳನ್ನು ಓದಿಕೊಳ್ಳಿ. ನಮ್ಮ ದೇಶದ ಸಾಮಾನ್ಯ ಕಾರು ವಿಮೆ ರೇಸ್ ಮತ್ತು ವೇಗಪರೀಕ್ಷೆಯ ಸಂದರ್ಭದ ಹಾನಿಯನ್ನು ಕಟ್ಟಿಕೊಡುವುದಿಲ್ಲ.

ಮೊದಲು ತರಬೇತುದಾರರು ಓಡಿಸುವಾಗ ಪಕ್ಕದಲ್ಲಿ ಕುಳಿತು ನೋಡಿ, ಬಳಿಕ ನೀವು ಓಡಿಸುವಾಗ ಅವರು ಪಕ್ಕದಲ್ಲಿರಲಿ. ಪಿಎಸ್‌ಎಂ ಆನ್ ಇರಲಿ. ಅದರ ದೀಪ ಮಿನುಗಿದಾಗಲೆಲ್ಲ, ಈಗ ನಾನೇನು ಮಾಡಿದೆ ಎಂದು ನಿಮ್ಮನ್ನೇ ಕೇಳಿಕೊಳ್ಳಿ. ಆ ದೀಪಕ್ಕಿಂತ ಪ್ರಾಮಾಣಿಕ ಗುರು ಇನ್ನೊಬ್ಬರಿಲ್ಲ.

ಒಂದು ಸುತ್ತನ್ನು ವೇಗವಾಗಿ ಮುಗಿಸುವುದು ಕೌಶಲದ ಅಳತೆಯಲ್ಲ. ಅದೇ ಜಾಗದಲ್ಲಿ ಬ್ರೇಕ್ ಹಾಕಿ, ಅದೇ ಗೆರೆ ಹಿಡಿದು, ಅದೇ ವೇಗದಲ್ಲಿ ಮತ್ತೆ ಮತ್ತೆ ಸುತ್ತಬಲ್ಲಿರಾದರೆ ನೀವು ಮಿತಿಯೊಳಗಿದ್ದೀರಿ. ಒಂದು ಸುತ್ತು ಚೆನ್ನಾಗಿ ಬಂದು ಮುಂದಿನದರಲ್ಲಿ ಬ್ರೇಕ್ ತಡವಾದರೆ, ಆ ಚೆನ್ನಾದ ಸುತ್ತು ಅದೃಷ್ಟದ್ದು. ಮಿತಿ ಸಮೀಪಿಸಿದಾಗ ದೇಹವೇ ಮೊದಲು ಹೇಳುತ್ತದೆ. ಸ್ಟಿಯರಿಂಗ್ ಮೇಲಿನ ಹಿಡಿ ಬಿಗಿಯಾಗುತ್ತದೆ, ತಿರುವಿನಲ್ಲಿ ಉಸಿರು ನಿಲ್ಲುತ್ತದೆ, ದೂರದಲ್ಲಿರಬೇಕಾದ ನೋಟ ಬಾನೆಟ್ಟಿನ ಮುಂದಕ್ಕೆ ಇಳಿಯುತ್ತದೆ, ಎಲ್ಲವೂ ಒಂದು ಕ್ಷಣ ತಡವಾಗಿ ತಿಳಿಯುತ್ತದೆ. ಇವುಗಳಲ್ಲಿ ಒಂದು ಕಂಡರೂ ವೇಗ ಇಳಿಸಿ. ಇದೇ ಲಕ್ಷಣಗಳು ರಸ್ತೆಯಲ್ಲೂ ಕಾಣಿಸುತ್ತವೆ, ಅಲ್ಲಿ ಅವು ಕಂಡರೆ ನೀವು ಆಗಲೇ ತುಂಬ ದೂರ ಹೋಗಿದ್ದೀರಿ ಎಂದರ್ಥ.

ಪ್ರಶ್ನೆ ಕೇಳಿದವರಿಂದ

ಎಲ್ಲರಿಗೂ ಕೃತಜ್ಞತೆಗಳು. ಟೈರಿನ ಅಂಕಿಗಳನ್ನು ಈಗಲೇ ನೋಡಿ ಬಂದೆ. ಹೊಸ ಟೈರು ಹಾಕಿಸುವವರೆಗೆ ಕಾರನ್ನು ಹೊರತೆಗೆಯುವುದಿಲ್ಲ. ಇನ್ನೊಂದು ಸಂದೇಹವಿದೆ. ಭಾನುವಾರ ಬೆಳಿಗ್ಗೆ ಬಳ್ಳಾರಿ ರಸ್ತೆಯಲ್ಲಿ ಗುಂಪಾಗಿ ಹೋಗುವ ಕಾರು ಮಾಲೀಕರು ನನ್ನನ್ನೂ ಕರೆದಿದ್ದಾರೆ. ಅವರ ಜೊತೆ ಹೋಗುವುದು ಸರಿಯೇ?

ಉತ್ತರ: ಟ್ರ್ಯಾಕ್‌ನಲ್ಲಿ ಹೊಸಬರ ಪಕ್ಕ ಕುಳಿತು ಕಲಿಸುವವರು

ಹೋಗಬಹುದು, ಆದರೆ ಗುಂಪಿನ ವೇಗವನ್ನು ನಿರ್ಧರಿಸುವವರು ಯಾರೆಂದು ಮೊದಲೇ ಕೇಳಿ. ಮುಂದಿನ ಕಾರನ್ನು ಕಳೆದುಕೊಳ್ಳಬಾರದೆಂಬ ಆತುರದಲ್ಲಿ, ಒಬ್ಬರೇ ಇದ್ದಾಗ ಎಂದೂ ಮಾಡದ ಓವರ್‌ಟೇಕನ್ನು ಜನ ಮಾಡಿಬಿಡುತ್ತಾರೆ. ಸೇರುವ ಹೋಟೆಲು ಯಾವುದೆಂದು ತಿಳಿದುಕೊಂಡು, ಸಾದಹಳ್ಳಿ ಟೋಲ್ ದಾಟಿದ ಮೇಲೆ ಎಲ್ಲರಿಗಿಂತ ಹಿಂದೆ, ನಿಮ್ಮದೇ ವೇಗದಲ್ಲಿ ಬನ್ನಿ. ಆ ಹೆದ್ದಾರಿಯಲ್ಲಿ ಎದುರು ದಿಕ್ಕಿನಿಂದ ಬರುವ ಸ್ಕೂಟರ್, ಡಿವೈಡರ್ ದಾಟುವ ಜನ, ಸರ್ವಿಸ್ ರಸ್ತೆಯಿಂದ ನುಗ್ಗುವ ಟ್ರ್ಯಾಕ್ಟರ್ ಇವೆಲ್ಲ ಇರುತ್ತವೆ. 350 ಅಶ್ವಶಕ್ತಿಯ ಕಾರು ಎಷ್ಟು ಬೇಗ ಹತ್ತಿರ ಬರುತ್ತದೆಂಬ ಅಂದಾಜು ಅವರಿಗೆ ಇರುವುದಿಲ್ಲ, ಇರಬೇಕೆಂದು ನಾವು ನಿರೀಕ್ಷಿಸಲೂಬಾರದು. ಹಿಂದೆ ಬಂದವರಿಗಾಗಿ ಕಾಯಲು ಆ ಗುಂಪು ಒಪ್ಪದಿದ್ದರೆ ಅದನ್ನು ಬಿಟ್ಟುಬಿಡಿ. ಮುಂದಿನ ಟ್ರ್ಯಾಕ್ ದಿನಕ್ಕೆ ಬನ್ನಿ, ನಿಮ್ಮ ಪಕ್ಕದಲ್ಲಿ ನಾನೇ ಕುಳಿತುಕೊಳ್ಳುತ್ತೇನೆ.