ಬಸ್ ಸ್ಟ್ಯಾಂಡಿನಲ್ಲಿ ಮಲಗುವವರ ದುಡ್ಡು ನಮ್ಮ ಹಾಸ್ಟೆಲ್ ಡಬ್ಬಿಯಲ್ಲಿದೆ, ಇದು ಸರೀನಾ?

ಬಟವಾಡಿ ಹುಡುಗಿ (ತುಮಕೂರು)

ಎಲ್ಲರಿಗೂ ನಮಸ್ಕಾರ. ನಾನು ತುಮಕೂರಿನಲ್ಲಿ ಬಿ.ಕಾಂ ಎರಡನೇ ವರ್ಷ ಓದುತ್ತಿದ್ದೇನೆ. ನಾವು ಎಂಟು ಜನ ಕಾಲೇಜಿನ ರಾಷ್ಟ್ರೀಯ ಸೇವಾ ಯೋಜನೆಯವರು, ಅಂದರೆ ಎನ್‌ಎಸ್‌ಎಸ್‌ನವರು, ಶನಿವಾರ ರಾತ್ರಿ ಬಸ್ ಸ್ಟ್ಯಾಂಡ್ ಮತ್ತು ರೈಲ್ವೆ ಸ್ಟೇಷನ್ ಹತ್ತಿರ ಮಲಗುವವರನ್ನು ಮಾತಾಡಿಸೋಕೆ ಹೋಗುತ್ತೇವೆ. ಚಳಿಗಾಲದಲ್ಲಿ ಕಂಬಳಿ ಹಂಚೋಕೆ ಅಂತ ಶುರುವಾಗಿದ್ದು, ಆಮೇಲೆ ಬಿಡೋಕೆ ಮನಸ್ಸಾಗಲಿಲ್ಲ.

ಹೋಗೋಕೆ ಮೊದಲು ಇವರ ಹತ್ತಿರ ದುಡ್ಡೇ ಇರಲ್ಲ ಅಂದುಕೊಂಡಿದ್ದೆ. ಹಾಗಲ್ಲ. ಒಬ್ಬರು ಅಂತರಸನಹಳ್ಳಿ ಮಾರ್ಕೆಟ್ಟಿನಲ್ಲಿ ಮೂಟೆ ಹೊರುತ್ತಾರೆ, ಒಬ್ಬರು ಹೋಟೆಲಿನಲ್ಲಿ ಪಾತ್ರೆ ತೊಳೆಯುತ್ತಾರೆ, ಇಬ್ಬರು ಚಿಂದಿ ಆಯುತ್ತಾರೆ. ದಿನಾ ಅಲ್ಲದಿದ್ದರೂ ವಾರದಲ್ಲಿ ನಾಲ್ಕು ದಿನ ಕೈಗೆ ಕಾಸು ಬರುತ್ತದೆ. ಇಟ್ಟುಕೊಳ್ಳೋಕೆ ಜಾಗ ಇಲ್ಲ, ಅಷ್ಟೇ. ಒಬ್ಬ ಅಜ್ಜಿ ಸೆರಗಿನ ತುದಿ ತೋರಿಸಿದರು. ಗಂಟು ಹಾಕಿದ್ದ ಜಾಗವನ್ನು ಯಾರೋ ಬ್ಲೇಡಿನಲ್ಲಿ ನೀಟಾಗಿ ಕುಯ್ದಿದ್ದಾರೆ. ನಾಲ್ಕು ತಿಂಗಳು ಕೂಡಿಟ್ಟಿದ್ದು ಒಂದೇ ರಾತ್ರಿಗೆ ಹೋಯಿತು. ಮುಂದಿನ ವಾರ ಹೋದಾಗ ಅಜ್ಜಿ ನನ್ನ ಕೈಗೆ 120 ರೂಪಾಯಿ ಇಟ್ಟು, "ನೀನೇ ಮಡಿಕ್ಕ ಕಣವ್ವ, ಕೇಳಿದಾಗ ಕೊಡು" ಅಂದರು. ಬೇಡ ಅನ್ನೋಕೆ ಆಗಲಿಲ್ಲ. ಅದನ್ನು ನೋಡಿ ಉಳಿದವರೂ ಕೊಟ್ಟರು. ಈಗ ನಮ್ಮ ಹತ್ತಿರ 11 ಜನರ 6,340 ರೂಪಾಯಿ ಇದೆ. ಹಾಸ್ಟೆಲ್ ಟ್ರಂಕಿನಲ್ಲಿ ಒಂದು ಸ್ಟೀಲ್ ಡಬ್ಬಿ, ಜೊತೆಗೆ ಒಂದು ನೋಟ್‌ಬುಕ್. ಪ್ರತಿಯೊಬ್ಬರ ಲೆಕ್ಕದ ಪಕ್ಕ ಹೆಬ್ಬೆಟ್ಟು ಒತ್ತಿಸಿಕೊಂಡಿದ್ದೇವೆ.

ಇನ್ನೊಂದು ವಿಷಯ. ಒಬ್ಬ ಅಣ್ಣ ಬೇರೆಯವರ ಗಾಡಿಯಲ್ಲಿ ಬೇಯಿಸಿದ ಕಡಲೆಕಾಯಿ ಮಾರುತ್ತಾರೆ. ಸ್ವಂತ ಗಾಡಿಗೆ 4,000 ಬೇಕು ಅನ್ನುತ್ತಿದ್ದಾರೆ. ಸಿಗೋದು ಮೀಟರ್ ಬಡ್ಡಿ ಮಾತ್ರ: 900 ಕೈಗೆ ಕೊಟ್ಟು, ದಿನಾ 100ರಂತೆ ಹತ್ತು ದಿನ ವಸೂಲಿ. ನಾವು ಎಂಟು ಜನ ತಲಾ 500 ಹಾಕಿ ಅವರಿಗೆ ಸಾಲ ಕೊಡಬಹುದಾ? ಸ್ವಲ್ಪ ಬಡ್ಡಿ ತಗೊಂಡು ಅದೇ ದುಡ್ಡನ್ನು ಇನ್ನೊಬ್ಬರಿಗೆ ಕೊಡೋಣ ಅಂತ ಸ್ನೇಹಿತರು ಹೇಳುತ್ತಿದ್ದಾರೆ. ನನಗೆ ರಾತ್ರಿ ನಿದ್ದೆ ಬರುತ್ತಿಲ್ಲ, ಡಬ್ಬಿ ಕಳೆದುಹೋದರೆ ಏನು ಮಾಡೋದು ಅಂತ. ತಿಳಿದವರು ಹೇಳಿ.

ಪಾಸ್‌ಬುಕ್ ರಾಯರು (ಚಿಕ್ಕಬಳ್ಳಾಪುರ)

ಮಗಳೇ, ನಾನು ಬ್ಯಾಂಕಿನಲ್ಲಿ ಕೆಲಸ ಮಾಡಿ ರಿಟೈರ್ ಆದವನು. ನಿಮ್ಮ ಮನಸ್ಸು ತುಂಬಾ ಒಳ್ಳೆಯದು, ಆದರೆ ಆ ಡಬ್ಬಿಯನ್ನು ಈ ವಾರವೇ ಖಾಲಿ ಮಾಡಿ. ಊರವರ ದುಡ್ಡನ್ನು ಠೇವಣಿ ಅಂತ ಇಟ್ಟುಕೊಳ್ಳೋದಕ್ಕೆ 2019ರಿಂದ ಕೇಂದ್ರದ ಕಾಯ್ದೆಯೇ ಇದೆ, ಅನಿಯಂತ್ರಿತ ಠೇವಣಿ ಯೋಜನೆಗಳ ನಿಷೇಧ ಕಾಯ್ದೆ ಅಂತ. ಅದು ನಿಮ್ಮಂಥ ಮಕ್ಕಳನ್ನು ಹಿಡಿಯೋಕೆ ಮಾಡಿದ್ದಲ್ಲ, ನಿಜ. ಆದರೆ ನಾಳೆ ಹಾಸ್ಟೆಲಿನಲ್ಲಿ ಕಳ್ಳತನ ಆದರೆ ಆ ಅಜ್ಜಿ ಎರಡನೇ ಸಲ ಕಳೆದುಕೊಳ್ಳುತ್ತಾರೆ, ಈ ಸಲ ನಂಬಿದವರ ಕೈಯಲ್ಲೇ. ಬಡ್ಡಿಗೆ ಸಾಲ ಕೊಡೋದಂತೂ ಬೇಡವೇ ಬೇಡ. ಕರ್ನಾಟಕದಲ್ಲಿ ಲೇವಾದೇವಿ ಮಾಡೋಕೆ ಲೈಸೆನ್ಸ್ ಬೇಕು, 1961ರ ಕಾಯ್ದೆ ಅದು.

ಈಗ ದಾರಿ ಹೇಳುತ್ತೇನೆ. ಯಾವ ದಾಖಲೆಯೂ ಇಲ್ಲದವರಿಗೂ ಬ್ಯಾಂಕಿನಲ್ಲಿ "ಸಣ್ಣ ಖಾತೆ" ತೆರೆಯಬಹುದು. ಇದು ಎಷ್ಟೋ ಬ್ರಾಂಚಿನ ಕೌಂಟರಿನಲ್ಲಿ ಕೂತವರಿಗೇ ಗೊತ್ತಿರಲ್ಲ. ಒಂದು ಫೋಟೋ, ಅಧಿಕಾರಿಯ ಎದುರಿಗೆ ಸಹಿ ಅಥವಾ ಹೆಬ್ಬೆಟ್ಟು, ಇಷ್ಟು ಸಾಕು. ಮಿತಿ ಇದೆ: ಖಾತೆಯಲ್ಲಿ ಯಾವ ಹೊತ್ತಿಗೂ 50,000ಕ್ಕಿಂತ ಜಾಸ್ತಿ ದುಡ್ಡು ಇರಬಾರದು, ವರ್ಷಕ್ಕೆ ಒಟ್ಟು ಜಮಾ 1 ಲಕ್ಷ, ತಿಂಗಳಿಗೆ ತೆಗೆಯೋದು 10,000. ನಿಮ್ಮ ಜನರಿಗೆ ಇದು ಧಾರಾಳ. ಖಾತೆ 12 ತಿಂಗಳು ನಡೆಯುತ್ತದೆ. ಅಷ್ಟರೊಳಗೆ ಆಧಾರ್ ಥರದ ದಾಖಲೆಗೆ ಅರ್ಜಿ ಹಾಕಿರೋದನ್ನು ತೋರಿಸಿದರೆ ಇನ್ನೂ 12 ತಿಂಗಳು ಸಿಗುತ್ತದೆ. ಆಧಾರ್ ಇದ್ದರೆ ಜನಧನ್ ಖಾತೆ, ಅದರಲ್ಲಿ ಒಂದು ರೂಪಾಯಿ ಇಲ್ಲದಿದ್ದರೂ ತೊಂದರೆ ಇಲ್ಲ. ಆಧಾರ್ ಮಾಡಿಸಿ ಕಾರ್ಡ್ ಕಳೆದುಕೊಂಡವರೇ ಜಾಸ್ತಿ ಇರುತ್ತಾರೆ, ಮೊದಲು ಅದನ್ನು ವಿಚಾರಿಸಿ.

ಖಾತೆ ಆದ ಮೇಲೆ ಒಂದನ್ನು ಮರೆಯಬೇಡಿ. 18ರಿಂದ 70 ವರ್ಷದವರಿಗೆ ಪ್ರಧಾನಮಂತ್ರಿ ಸುರಕ್ಷಾ ಬಿಮಾ, ವರ್ಷಕ್ಕೆ 20 ರೂಪಾಯಿ, ಅಪಘಾತದಲ್ಲಿ ಸತ್ತರೆ 2 ಲಕ್ಷ. ರಸ್ತೆ ಪಕ್ಕ ಮಲಗುವವರಿಗಿಂತ ಅದು ಯಾರಿಗೆ ಜಾಸ್ತಿ ಬೇಕು ಹೇಳಿ.

ಬಂಗಾರಪೇಟೆ ಅಕ್ಕ (ಕೋಲಾರ)

ತಂಗಿ, ನಾನು ಹದಿನೈದು ವರ್ಷದಿಂದ ನಮ್ಮ ಸ್ವಸಹಾಯ ಸಂಘದ ಲೆಕ್ಕದ ಪುಸ್ತಕ ಬರೆಯುತ್ತಿದ್ದೇನೆ. ನಮ್ಮ ಕಡೆ ಸಂಘ ಅನ್ನೋದು ಇವತ್ತಿನದಲ್ಲ, ಮೈರಾಡ ಅನ್ನೋ ಸೇವಾ ಸಂಸ್ಥೆಯವರು 80ರ ದಶಕದಲ್ಲೇ ಇಲ್ಲೆಲ್ಲ ಕಟ್ಟಿಸಿದ್ದರು. ಹಳ್ಳಿ ಕಡೆಯ ಸಾಲ ನೋಡಿಕೊಳ್ಳೋ ನಬಾರ್ಡ್ ಬ್ಯಾಂಕಿನವರು ಸಂಘಗಳನ್ನು ಬ್ಯಾಂಕಿಗೆ ಜೋಡಿಸೋ ಕಾರ್ಯಕ್ರಮ ಶುರು ಮಾಡಿದ್ದು ಆಮೇಲೆ, 1992ರಲ್ಲಿ. ಆಗಿನಿಂದಲೂ ದೊಡ್ಡವರು ಹೇಳೋದು ಒಂದೇ: ಮೊದಲು ಉಳಿತಾಯ, ಆಮೇಲೆ ಸಾಲ. ಆರು ತಿಂಗಳು ವಾರ ವಾರ ಸೇರಿ, ಹತ್ತೋ ಇಪ್ಪತ್ತೋ ಹಾಕಿ, ಎಲ್ಲರ ಎದುರಿಗೆ ಪುಸ್ತಕ ಓದಿ, ಆಮೇಲೆ ತಮ್ಮ ದುಡ್ಡನ್ನೇ ತಮ್ಮೊಳಗೆ ಸಾಲ ಕೊಟ್ಟುಕೊಳ್ಳಬೇಕು. ಬ್ಯಾಂಕಿನ ಸಾಲ ಅದಾದ ಮೇಲೆ. ಆ ಆರು ತಿಂಗಳಲ್ಲಿ ಒಬ್ಬರ ಮುಖ ಒಬ್ಬರಿಗೆ ಅರ್ಥ ಆಗುತ್ತದೆ. ಯಾರಿಗೆ ಕುಡಿತ ಇದೆ, ಯಾರು ಮಗಳ ಹೆರಿಗೆಗೆ ಕೂಡಿಡುತ್ತಿದ್ದಾರೆ, ಎಲ್ಲ.

ನೀವು ಸಾಲದ ಮಾತನ್ನೇ ಮೊದಲು ಎತ್ತಬೇಡಿ ಅಂತ ಕೈ ಮುಗಿದು ಕೇಳುತ್ತೇನೆ. ನನ್ನ ಚಿಕ್ಕಮ್ಮನ ಮಗಳು ಮೂರು ಕಡೆ ಮೈಕ್ರೋಫೈನಾನ್ಸ್ ಸಾಲ ತಗೊಂಡಳು. ಮೊದಲನೆಯದು ರೇಷ್ಮೆ ನೂಲು ಬಿಚ್ಚೋ ಕೆಲಸಕ್ಕೆ, ಎರಡನೆಯದು ಮೊದಲನೆಯದರ ಕಂತಿಗೆ, ಮೂರನೆಯದು ಎರಡನೆಯದರ ಕಂತಿಗೆ. ವಸೂಲಿಗೆ ಬಂದವರು ಬಾಗಿಲ ಮುಂದೆ ಚಾಪೆ ಹಾಕಿ ಕೂರುತ್ತಿದ್ದರು. ಕೊನೆಗೆ ಬಾಡಿಗೆ ಮನೆಗೆ ಬೀಗ ಹಾಕಿ, ಮಕ್ಕಳನ್ನು ಕರ್ಕೊಂಡು ರಾತ್ರೋರಾತ್ರಿ ಹೊರಟಳು. ಎರಡು ತಿಂಗಳು ಎಲ್ಲಿದ್ದಳು ಅಂತ ನಮಗೆ ಗೊತ್ತಿರಲಿಲ್ಲ. ಆಮೇಲೆ ಗೊತ್ತಾಯಿತು, ಬೆಂಗಳೂರಿನಲ್ಲಿ ಕಟ್ಟುತ್ತಿರೋ ಬಿಲ್ಡಿಂಗಿನ ಕೆಳಗೆ. ನಿಮ್ಮ ಬಸ್ ಸ್ಟ್ಯಾಂಡಿನಲ್ಲಿ ಇರುವವರಲ್ಲೂ ಹೀಗೆ ಸಾಲಕ್ಕೆ ಹೆದರಿ ಊರು ಬಿಟ್ಟವರು ಇರಬಹುದು. ಮೆಲ್ಲಗೆ ಕೇಳಿ ನೋಡಿ.

ಈಗ ರಿಸರ್ವ್ ಬ್ಯಾಂಕಿನ ನಿಯಮ ಇದೆ, 2022ರದ್ದು. ಎಲ್ಲ ಸಾಲದ ಕಂತು ಸೇರಿ ಮನೆಯ ತಿಂಗಳ ಆದಾಯದ ಅರ್ಧ ದಾಟಬಾರದು, ಬೆಳಗ್ಗೆ 9ಕ್ಕೆ ಮೊದಲು ಮತ್ತು ಸಂಜೆ 6ರ ಮೇಲೆ ವಸೂಲಿಗೆ ಬರಬಾರದು. 2025ರಲ್ಲಿ ರಾಜ್ಯದಲ್ಲೂ ಕಾನೂನು ಬಂತು, ಕಿರುಕುಳ ಕೊಟ್ಟರೆ 10 ವರ್ಷದವರೆಗೆ ಜೈಲು. ಇದನ್ನೆಲ್ಲ ಅವರಿಗೆ ಓದಿ ಹೇಳಿ. ಗೊತ್ತಿದ್ದರೆ ಹೆದರಿಕೆ ಸ್ವಲ್ಪವಾದರೂ ಕಮ್ಮಿ ಆಗುತ್ತದೆ.

ಅಮಾನಿಕೆರೆ ದಂಡೆ (ತುಮಕೂರು)

ನಾನು ಐದು ವರ್ಷದ ಹಿಂದೆ ಇದೇ ಊರಿನಲ್ಲಿ ಇದೇ ಕೆಲಸ ಮಾಡಿದವನು, ಆದ್ದರಿಂದ ರಾಯರ ಮಾತಿಗೆ ಸ್ವಲ್ಪ ಸೇರಿಸಬೇಕು. ಖಾತೆ ತೆರೆಸಿದರೆ ಕೆಲಸ ಮುಗಿಯಿತು ಅಂದುಕೊಂಡೆವು. ಒಂಬತ್ತು ಜನರಿಗೆ ತೆರೆಸಿದೆವು. ಮೂರು ತಿಂಗಳಾದ ಮೇಲೆ ಪಾಸ್‌ಬುಕ್ ಎಂಟ್ರಿ ಹಾಕಿಸಿದರೆ ಏಳು ಖಾತೆಯಲ್ಲಿ ಮೊದಲ ದಿನದ ಜಮಾ ಬಿಟ್ಟು ಬೇರೇನೂ ಇಲ್ಲ. ಯಾಕೆ ಅಂದರೆ ಮೂಟೆ ಹೊರುವವರ ಕೆಲಸ ಬೆಳಗಿನ ಜಾವ ಶುರು, ಮಧ್ಯಾಹ್ನ ಸುಸ್ತಾಗಿ ಮಲಗುತ್ತಾರೆ. ಎದ್ದಾಗ ಬ್ಯಾಂಕ್ ಮುಚ್ಚಿರುತ್ತದೆ. ಮೈ ಮೇಲಿನ ಬಟ್ಟೆ ನೋಡಿ ಸೆಕ್ಯೂರಿಟಿಯವರು ಬಾಗಿಲಲ್ಲೇ ತಡೆದಿದ್ದೂ ಇದೆ. 50 ರೂಪಾಯಿ ಕಟ್ಟೋಕೆ ಯಾರು ಅಷ್ಟು ಅವಮಾನ ಪಡುತ್ತಾರೆ?

ನಮಗೆ ಕೊನೆಗೆ ಕೈ ಹಿಡಿದಿದ್ದು ಪಿಗ್ಮಿ. 1928ರಲ್ಲಿ ಸಿಂಡಿಕೇಟ್ ಬ್ಯಾಂಕಿನವರು ಮನೆ ಮನೆಗೆ ಹೋಗಿ ದಿನಕ್ಕೆ ಎರಡಾಣೆ ಎತ್ತೋಕೆ ಶುರು ಮಾಡಿದರಲ್ಲ, ಅದೇ ಪದ್ಧತಿ. ಈಗಲೂ ಸಹಕಾರಿ ಬ್ಯಾಂಕಿನ ಪಿಗ್ಮಿ ಕಲೆಕ್ಟರುಗಳು ದಿನಾ ಅಂಗಡಿಗಳಿಗೆ ಬರುತ್ತಾರೆ. ಒಬ್ಬರನ್ನು ಒಪ್ಪಿಸಿ, ಟೀ ಅಂಗಡಿ ಹತ್ತಿರ ಸಂಜೆ ಹತ್ತು ನಿಮಿಷ ನಿಲ್ಲೋ ಹಾಗೆ ಮಾಡಿದೆವು. ಮಿಷನ್ನಿನಿಂದ ಚೀಟಿ ಹರಿದು ಕೊಡುತ್ತಿದ್ದರು. ಆ ಚೀಟಿಯನ್ನು ಮಡಚಿ ಅಂಗಿ ಜೇಬಿನಲ್ಲಿ ಇಟ್ಟುಕೊಂಡು, ಮತ್ತೆ ತೆಗೆದು ನೋಡಿ, ಮತ್ತೆ ಇಟ್ಟುಕೊಳ್ಳುತ್ತಿದ್ದರು. ನೆನೆಸಿಕೊಂಡರೆ ಈಗಲೂ ಖುಷಿಯಾಗುತ್ತದೆ. ಆದರೆ ಯಾವ ಬ್ಯಾಂಕು ಅಂತ ವಿಚಾರಿಸಿ ಹೋಗಿ, ಠೇವಣಿ ವಿಮೆ, ಅಂದರೆ ಬ್ಯಾಂಕ್ ಮುಳುಗಿದರೆ ಕಟ್ಟಿದವರಿಗೆ ದುಡ್ಡು ಕೊಡೋ ವಿಮೆ, ಇದೆಯಾ ಅಂತ ಕೇಳಿ. ಸುಮ್ನೆ ಸೊಸೈಟಿ ಅಂತ ಬೋರ್ಡು ಹಾಕಿದವರ ಹತ್ತಿರ ಬೇಡ.

ಇನ್ನೊಂದು ಎಚ್ಚರಿಕೆ. ಖಾತೆಗೆ ನಿಮ್ಮ ಮೊಬೈಲ್ ನಂಬರ್ ಕೊಡಬೇಡಿ. ನಾವು ಕೊಟ್ಟಿದ್ದೆವು. ನಮ್ಮ ಹುಡುಗ ಕೆಲಸ ಸಿಕ್ಕಿ ಪುಣೆಗೆ ಹೋದ, ಸಿಮ್ ಬದಲಾಯಿಸಿದ. ಒಬ್ಬರ ಪೆನ್ಷನ್ ಆರು ತಿಂಗಳು ಬಂದಿದೆಯೋ ಇಲ್ಲವೋ ಗೊತ್ತೇ ಆಗಲಿಲ್ಲ. ಪರೀಕ್ಷೆ ಬಂದಾಗ ನೀವೆಲ್ಲ ಊರಿಗೆ ಹೋಗುತ್ತೀರಿ ಅಲ್ವಾ? ಆ ಎರಡು ತಿಂಗಳು ಯಾರು ಬರುತ್ತಾರೆ ಅನ್ನೋದನ್ನು ಇವತ್ತೇ ಬರೆದಿಡಿ. ಎನ್‌ಎಸ್‌ಎಸ್ ಅಂದರೆ ಎರಡು ವರ್ಷ, 240 ಗಂಟೆ. ಅವರಿಗೆ ನಿಮ್ಮ ಗಂಟೆ ಲೆಕ್ಕ ಗೊತ್ತಿಲ್ಲ, ಶನಿವಾರ ಬರುತ್ತೀರಿ ಅಂತಷ್ಟೇ ಗೊತ್ತು.

ಸಾಲದ ಬಗ್ಗೆ: ಅಕ್ಕ ಹೇಳಿದ್ದು ಸರಿ, ಆದರೆ ಎಲ್ಲ ಸಾಲವೂ ಕೆಟ್ಟದ್ದಲ್ಲ. ಬಾಂಗ್ಲಾದೇಶದ ಗ್ರಾಮೀಣ ಬ್ಯಾಂಕಿನವರು ಭಿಕ್ಷುಕರಿಗೇ ಸಾಲ ಕೊಟ್ಟಿದ್ದಾರೆ. ಬಡ್ಡಿ ಇಲ್ಲ, ಇಂಥ ದಿನ ಕಟ್ಟಬೇಕು ಅಂತಿಲ್ಲ, ಭಿಕ್ಷೆ ಬಿಡಬೇಕು ಅಂತಲೂ ಹಠ ಇಲ್ಲ. ಮನೆ ಮನೆಗೆ ಹೋಗುವಾಗ ಜೊತೆಗೆ ತಿಂಡಿ, ಆಟದ ಸಾಮಾನು ಇಟ್ಟುಕೊಂಡು ಮಾರಿ ಅಂದರು. ನಿಮ್ಮ ಕಡಲೆಕಾಯಿ ಅಣ್ಣನಿಗೆ ಸ್ವನಿಧಿ ಯೋಜನೆ ಸರಿಯಾದದ್ದು. ಬೀದಿ ವ್ಯಾಪಾರಿಗಳಿಗೆ ಅಂತಲೇ 2020ರಲ್ಲಿ ಬಂದ ಕೇಂದ್ರ ಸರ್ಕಾರದ ಸಾಲ ಯೋಜನೆ ಅದು. ಮೊದಲ ಸಲ ಕೊಡೋ ಸಾಲ 10,000 ಇತ್ತು, 2025ರಲ್ಲಿ 15,000 ಮಾಡಿದರು. ಸರಿಯಾಗಿ ಕಟ್ಟಿದರೆ ವರ್ಷಕ್ಕೆ 7%ರ ಲೆಕ್ಕದಲ್ಲಿ ಬಡ್ಡಿ ವಾಪಸ್ ಬರುತ್ತದೆ. ವ್ಯಾಪಾರಿ ಗುರುತಿನ ಚೀಟಿ ಇಲ್ಲದಿದ್ದರೆ ಪಾಲಿಕೆಯಿಂದ ಶಿಫಾರಸು ಪತ್ರ ಬೇಕು. ಆ ಪತ್ರಕ್ಕೆ ಓಡಾಡೋದು ನಿಮ್ಮ ಕೆಲಸ. ಅಲ್ಲಿ ನೀವು ನಿಜವಾಗಿಯೂ ಉಪಯೋಗಕ್ಕೆ ಬರುತ್ತೀರಿ.

ಬಟವಾಡಿ ಹುಡುಗಿ (ತುಮಕೂರು)

ಎಲ್ಲರಿಗೂ ಥ್ಯಾಂಕ್ಸ್. ಅಮಾನಿಕೆರೆ ಅಣ್ಣ, ಅಜ್ಜಿ ಬ್ಯಾಂಕಿಗೆ ಬರೋಲ್ಲ ಅನ್ನುತ್ತಿದ್ದಾರೆ. ಬೆರಳು ಸವೆದಿದೆ, ಮಿಷನ್ ತಗೊಳ್ಳಲ್ಲ, ಹಿಂದೆ ಒಂದು ಸಲ ಎಲ್ಲರ ಮುಂದೆ ಬೈಸಿಕೊಂಡೆ ಅಂತಾರೆ. ಏನು ಮಾಡಲಿ?

ಪಾಸ್‌ಬುಕ್ ರಾಯರು (ಚಿಕ್ಕಬಳ್ಳಾಪುರ)

ಅಮಾನಿಕೆರೆಯವರು ಹೇಳಿದ್ದು ನಿಜ, ಕೌಂಟರಿನ ಈಚೆ ಕಡೆ ನಿಂತು ನಾನು ನೋಡಿರಲಿಲ್ಲ. ಮಗಳೇ, ಸಣ್ಣ ಖಾತೆಗೆ ಮಿಷನ್ ಬೇಕಿಲ್ಲ, ಕಾಗದದ ಮೇಲೆ ಶಾಯಿ ಹೆಬ್ಬೆಟ್ಟು ನಡೆಯುತ್ತದೆ. ತಿಂಗಳ ಮೊದಲ ವಾರ ಬೇಡ, ಆಗ ಪೆನ್ಷನ್ ರಶ್ ಇರುತ್ತದೆ. ಮೂರು ಗಂಟೆ ಮೇಲೆ ಹೋಗಿ. ಒಂದು ದಿನ ಮೊದಲೇ ನೀವೊಬ್ಬರೇ ಹೋಗಿ ಮ್ಯಾನೇಜರನ್ನು ಮಾತಾಡಿಸಿ ಬನ್ನಿ.

ಬಟವಾಡಿ ಹುಡುಗಿ (ತುಮಕೂರು)

ಹತ್ತು ದಿನ ಆದ ಮೇಲೆ ಬರೆಯುತ್ತಿದ್ದೇನೆ. ಡಬ್ಬಿ ಖಾಲಿ. ನೋಟ್‌ಬುಕ್ ಓದಿ, ಒಬ್ಬೊಬ್ಬರಿಗೇ ಎಣಿಸಿ ಕೊಟ್ಟು, ಮತ್ತೆ ಹೆಬ್ಬೆಟ್ಟು ಹಾಕಿಸಿಕೊಂಡೆವು. ಇಬ್ಬರು ವಾಪಸ್ ತಗೊಂಡು, ಬ್ಯಾಂಕ್ ಬೇಡ ಅಂದರು. ಬಲವಂತ ಮಾಡಲಿಲ್ಲ. ಆರು ಜನರ ಖಾತೆ ಆಯಿತು, ಮೂವರು ಮುಂದಿನ ವಾರ ಬರುತ್ತಾರೆ. ಪಿಗ್ಮಿಯವರು ಇನ್ನೂ ಒಪ್ಪಿಲ್ಲ, ಕೇಳುತ್ತಲೇ ಇದ್ದೇವೆ. ಕಡಲೆಕಾಯಿ ಅಣ್ಣನ ಅರ್ಜಿ ಪಾಲಿಕೆಯಲ್ಲಿದೆ.

ಅಜ್ಜಿ ಬಂದರು. ಬೆಳಗ್ಗೆ ನಲ್ಲಿ ಹತ್ತಿರ ಮುಖ ತೊಳೆದು, ತಲೆಗೆ ಎಣ್ಣೆ ಹಚ್ಚಿ, ನಾನು ಬರೋ ಹೊತ್ತಿಗೆ ರೆಡಿಯಾಗಿ ಕೂತಿದ್ದರು. ಮ್ಯಾನೇಜರ್ ಕುರ್ಚಿ ಹಾಕಿಸಿದರು. ಫಾರಂ ತುಂಬುವಾಗ ನಾಮಿನಿ ಯಾರು ಅಂತ ಕೇಳಿದರು. ಅಜ್ಜಿಗೆ ಅರ್ಥ ಆಗಲಿಲ್ಲ, ನಾನು ಹೇಳಿದೆ. ತುಂಬಾ ಹೊತ್ತು ಸುಮ್ಮನಿದ್ದರು. ಮಗನ ಹೆಸರು ಹೇಳುತ್ತಾರೇನೋ ಅಂದುಕೊಂಡೆ. ಹೇಳಲಿಲ್ಲ. ಪ್ಲಾಟ್‌ಫಾರ್ಮಿನಲ್ಲಿ ತಮ್ಮ ಪಕ್ಕ ಮಲಗೋ, ಚಿಂದಿ ಆಯೋ ಹೆಂಗಸಿನ ಹೆಸರು ಹೇಳಿದರು. ಸಂಬಂಧ ಏನು ಬರೀಲಿ ಅಂತ ಕೇಳಿದ್ದಕ್ಕೆ "ತಂಗಿ ಅಂತ ಬರಿಯವ್ವ" ಅಂದರು. ಹಾಗೇ ಬರೆದೆ.