ಪದಚರ್ಚೆ: ಕಾಮಗಾರಿ ‘ವಿಳಂಬ’ವೋ, ‘ಸ್ಥಗಿತ’ವೋ, ‘ನನೆಗುದಿ’ಯೋ?

ಪ್ರಶ್ನೆ (ತುಮಕೂರಿನಿಂದ)

ಎಲ್ಲರಿಗೂ ನಮಸ್ಕಾರ. ಜಿಲ್ಲಾ ಪುಟದ ಸುದ್ದಿಗಳಲ್ಲಿ ಒಂದೇ ಕಟ್ಟಡದ ಬಗ್ಗೆ ಇವತ್ತು ‘ಕಾಮಗಾರಿ ವಿಳಂಬ’ ಅಂತ ಇರುತ್ತದೆ, ಮುಂದಿನ ವಾರ ‘ಸ್ಥಗಿತ’, ಆಮೇಲೆ ‘ನನೆಗುದಿಗೆ ಬಿದ್ದಿದೆ’. ಮೂರಕ್ಕೂ ಒಂದೇ ಅರ್ಥವೇ? ಇಲಾಖೆಯ ಕಡತದಲ್ಲಿ ಇವು ಬೇರೆಬೇರೆಯೇ? ‘ನನೆಗುದಿ’ ಸರಿಯೋ ‘ನೆನೆಗುದಿ’ಯೋ? ಇನ್ನೊಂದು, ‘ಶೇ 80ರಷ್ಟು ಪೂರ್ಣ’ ಅಂದರೆ ಏನರಲ್ಲಿ ಶೇ 80?

ಉತ್ತರ (ಚಿಂತಾಮಣಿಯಿಂದ)

ನೆನೆ, ಕುದಿ ಸೇರಿ ನೆನೆಗುದಿ. ಕಕಾರಕ್ಕೆ ಗಕಾರ ಬಂದಿದೆ, ಆದೇಶ ಸಂಧಿ. ನೆನೆದು ನೆನೆದು ಒಳಗೇ ಕುದಿಯುವ ತಳಮಳ. ಪತ್ರಿಕೆಗಳಲ್ಲಿ ‘ನನೆಗುದಿ’ಯೇ ಊರಿಬಿಟ್ಟಿದೆ, ತಿದ್ದಲು ಹೋಗುವುದು ವ್ಯರ್ಥ. ಈಗಿನ ಬಳಕೆಯಲ್ಲಿ ಅದು ಹೌದೂ ಆಗದ, ಇಲ್ಲವೂ ಆಗದ ಸ್ಥಿತಿ. ಕೆಲಸಕ್ಕಿಂತ ಹೆಚ್ಚಾಗಿ ತೀರ್ಮಾನ ನಿಂತಿರುವಲ್ಲಿ ಈ ಪದ ಒಪ್ಪುತ್ತದೆ. ಕಡತದ ಸಂಗತಿಯನ್ನು ಎಂಜಿನಿಯರ್ ಮಿತ್ರರು ಹೇಳಲಿ.

ಉತ್ತರ (ಕೋಲಾರದಿಂದ)

ಕಡತದಲ್ಲಿ ಖಂಡಿತ ಬೇರೆಬೇರೆ. ಮೊದಲು ಮೆಟ್ಟಿಲುಗಳನ್ನು ನೋಡಿ: ಅಂದಾಜು ಪಟ್ಟಿ, ಆಡಳಿತಾತ್ಮಕ ಅನುಮೋದನೆ, ತಾಂತ್ರಿಕ ಮಂಜೂರಾತಿ, ಟೆಂಡರ್, ಕರಾರು, ಕಾರ್ಯಾದೇಶ, ಜಾಗದ ಹಸ್ತಾಂತರ. ಕರಾರು ಆಗುವ ತನಕ ಗುತ್ತಿಗೆಯ ಲೆಕ್ಕದಲ್ಲಿ ‘ವಿಳಂಬ’ ಎಂಬುದೇ ಇಲ್ಲ. ಅದಕ್ಕೂ ಮೊದಲೇ ಗುದ್ದಲಿಪೂಜೆ ಮುಗಿದಿದ್ದರೆ ಊರಿನವರು ಎಣಿಸುವ ವರ್ಷಗಳೇ ಬೇರೆ, ಕಡತ ಎಣಿಸುವ ತಿಂಗಳುಗಳೇ ಬೇರೆ.

ಕರಾರು ಜೀವಂತವಾಗಿದ್ದು, ಕೆಲಸ ನಡೆಯುತ್ತಿದ್ದು, ಅವಧಿಗೆ ತಕ್ಕಷ್ಟು ಆಗಿಲ್ಲವೆಂದರೆ ವಿಳಂಬ. ಆಗ ಗುತ್ತಿಗೆದಾರ ಕಾಲಾವಧಿ ವಿಸ್ತರಣೆ ಕೇಳುತ್ತಾನೆ. ವಿಸ್ತರಣೆ ದಂಡಸಹಿತವೋ ದಂಡರಹಿತವೋ ಎಂಬುದರಲ್ಲೇ ತಪ್ಪು ಯಾರದೆಂಬ ಉತ್ತರ ಇರುತ್ತದೆ. ಇಲಾಖೆ ಜಾಗ ಬಿಡಿಸಿಕೊಟ್ಟಿಲ್ಲ, ನಕ್ಷೆ ತಡವಾಗಿ ಕೊಟ್ಟಿದೆ, ಬೆಸ್ಕಾಂ ಕಂಬ ಸ್ಥಳಾಂತರವಾಗಿಲ್ಲ, ಮರ ಕಡಿಯಲು ಅನುಮತಿ ಬಂದಿಲ್ಲ ಎಂದಾದರೆ ದಂಡ ಹಾಕುವಂತಿಲ್ಲ. ಆಳು, ಯಂತ್ರ, ಕಂಬಿ, ಸಿಮೆಂಟ್ ಹೊಂದಿಸದೆ ತಡವಾದರೆ ದಂಡ. ಇದಕ್ಕೆ ಆಧಾರ ಅಡಚಣೆಗಳ ವಹಿ. ಬಾಯಿಮಾತಿನಲ್ಲಿ ‘ಹಿಂಡ್ರೆನ್ಸ್ ರಿಜಿಸ್ಟರ್’. ಅಡಚಣೆ ಹುಟ್ಟಿದ ತಾರೀಖು, ತೀರಿದ ತಾರೀಖು ಎರಡನ್ನೂ ಅಂದಂದೇ ಬರೆದು ಎರಡೂ ಕಡೆಯವರು ಸಹಿ ಹಾಕಬೇಕು. ಅವಧಿ ಮುಗಿದ ಮೇಲೆ ಒಂದೇ ಪೆನ್ನಿನಲ್ಲಿ ತುಂಬಿದ ವಹಿಗಳೇ ನ್ಯಾಯಾಲಯದಲ್ಲಿ ಸೋಲುವುದು.

ಸ್ಥಗಿತ ಎಂದರೆ ಕರಾರು ಇದೆ, ಸ್ಥಳದಲ್ಲಿ ಕೆಲಸ ಇಲ್ಲ. ತಡೆಯಾಜ್ಞೆ ಒಂದು ಕಾರಣ. ಹೆಚ್ಚು ಸಲ ಕಾರಣ ‘ಬಿಲ್ ಆಗಿಲ್ಲ’. ಅಳತೆ ಪುಸ್ತಕ ಬರೆದು, ಮೇಲಿನವರು ಪರಿಶೀಲಿಸಿ, ಬಿಲ್ಲು ಪಾಸಾದರೂ ಅನುದಾನ ಬಿಡುಗಡೆಯಾಗಬೇಕು. ಆ ಲೆಕ್ಕಶೀರ್ಷಿಕೆಯಲ್ಲಿ (ಬಜೆಟ್ಟಿನ ಬಾಬ್ತಿನಲ್ಲಿ) ಇರುವ ಹಣಕ್ಕಿಂತ ಮಂಜೂರಾದ ಕಾಮಗಾರಿಗಳೇ ಹೆಚ್ಚಾಗಿದ್ದರೆ ಎಲ್ಲರಿಗೂ ಅಷ್ಟಷ್ಟು ಚಿಮುಕಿಸುತ್ತಾರೆ. ಆಳುಗಳು ಬೇರೆ ಸೈಟಿಗೆ ಹೋಗುತ್ತಾರೆ.

ನನೆಗುದಿಗೆ ತಕ್ಕ ಸ್ಥಿತಿ ಕರಾರು ರದ್ದಾದ ಮೇಲೆ ಬರುತ್ತದೆ. ಹಳೆಯ ಗುತ್ತಿಗೆದಾರನ ಎದುರಲ್ಲಿ ಜಂಟಿ ಅಳತೆ ಆಗಬೇಕು, ಅಂತಿಮ ಬಿಲ್ ಆಗಬೇಕು, ಉಳಿದ ಕೆಲಸಕ್ಕೆ ಹೊಸ ದರಪಟ್ಟಿಯಂತೆ ಅಂದಾಜು ಆಗಬೇಕು. ಮೊತ್ತ ಏರಿದ್ದರೆ ಪರಿಷ್ಕೃತ ಅನುಮೋದನೆ, ಆಮೇಲೆ ಮರುಟೆಂಡರ್. ಹೆಚ್ಚಿನ ಖರ್ಚನ್ನು ‘ರಿಸ್ಕ್ ಅಂಡ್ ಕಾಸ್ಟ್’ ಎಂದು ಹಳಬನ ಮೇಲೆ ಹಾಕಿದರೆ ಅವನು ಕೋರ್ಟಿಗೆ ಹೋಗುತ್ತಾನೆ. ಇಷ್ಟರಲ್ಲಿ ಪಿಲ್ಲರ್ ಮೇಲಿನ ಕಂಬಿ ತುಕ್ಕು ಹಿಡಿದಿರುತ್ತದೆ. ಉಜ್ಜಿ ತೆಗೆದ ಮೇಲೂ ದಪ್ಪ ಉಳಿದಿದೆಯೇ ಎಂದು ಅಳೆಯದೆ ಮುಂದಿನ ಕಾಂಕ್ರೀಟ್ ಹಾಕುವಂತಿಲ್ಲ. ಆ ಖರ್ಚು ಹಳೆಯ ಅಂದಾಜಿನಲ್ಲಿ ಇರುವುದಿಲ್ಲ.

ಕಾಂಕ್ರೀಟಿನ ಮೇಲೆ ತಪ್ಪು ಹೊರಿಸುವುದೂ ಉಂಟು. ಕಾಂಕ್ರೀಟ್ ಕೆಲಸದ ಭಾರತೀಯ ಮಾನಕ ಐಎಸ್ 456ರ ಪ್ರಕಾರ 4.5 ಮೀಟರ್‌ವರೆಗಿನ ಸ್ಲ್ಯಾಬಿಗೆ ಆಸರೆ ಕಂಬ ತೆಗೆಯಲು 7 ದಿನ, ಅದಕ್ಕಿಂತ ಅಗಲವಾದರೆ 14 ದಿನ. ವರ್ಷಗಳು ಹೋಗುವುದು ಅಲ್ಲಲ್ಲ.

ಭೂಮಿ ವಿಚಾರ ನೋಡಿ. 2013ರ ಭೂಸ್ವಾಧೀನ ಕಾಯ್ದೆಯಲ್ಲಿ ಪ್ರಾಥಮಿಕ ಅಧಿಸೂಚನೆಯಾಗಿ 12 ತಿಂಗಳೊಳಗೆ ಅಂತಿಮ ಘೋಷಣೆ, ಅಲ್ಲಿಂದ 12 ತಿಂಗಳೊಳಗೆ ಐತೀರ್ಪು, ಅಂದರೆ ಪರಿಹಾರ ನಿಗದಿಯ ಆದೇಶ. ಕಾನೂನೇ ಎರಡು ವರ್ಷದ ತನಕ ಬಿಟ್ಟಿರುವಾಗ, ಜಾಗ ಕೈಗೆ ಬರುವ ಮೊದಲೇ ಹದಿನೆಂಟು ತಿಂಗಳ ಅವಧಿಯ ಟೆಂಡರ್ ಕರೆದರೆ ವಿಳಂಬವನ್ನು ಕರಾರಿನಲ್ಲೇ ಬರೆದುಕೊಟ್ಟ ಹಾಗೆ.

ನಮ್ಮ ಮೂರೂ ಜಿಲ್ಲೆಗೆ ಸಂಬಂಧಿಸಿದ ಎತ್ತಿನಹೊಳೆ ಕುಡಿಯುವ ನೀರಿನ ಯೋಜನೆಯಲ್ಲಿ ವಿಳಂಬ, ನನೆಗುದಿ ಎರಡೂ ಪದ ಒಟ್ಟಿಗೆ ಸಿಗುತ್ತವೆ. 2012ರಲ್ಲಿ ಅಂದಾಜು ಸುಮಾರು 8,323 ಕೋಟಿ ರೂಪಾಯಿ. 2014ರಲ್ಲಿ 12,912 ಕೋಟಿ. 2023ರಲ್ಲಿ 23,251 ಕೋಟಿ. ಶಂಕುಸ್ಥಾಪನೆ ಮುದ್ದೇನಹಳ್ಳಿಯಲ್ಲಿ 2014ರ ಮಾರ್ಚ್‌ನಲ್ಲಿ. ಸಕಲೇಶಪುರ ಕಡೆಯ ಮೊದಲ ಹಂತಕ್ಕೆ ಚಾಲನೆ 2024ರ ಸೆಪ್ಟೆಂಬರ್‌ನಲ್ಲಿ. ನಾಲೆಯದು ವಿಳಂಬ. ಬೈರಗೊಂಡ್ಲು ಜಲಾಶಯದ್ದು ನನೆಗುದಿ: ಕೊರಟಗೆರೆ, ದೊಡ್ಡಬಳ್ಳಾಪುರ ತಾಲ್ಲೂಕುಗಳ ಭೂಪರಿಹಾರದ ದರ ಬೇರೆಬೇರೆಯಾಗಿ ತೀರ್ಮಾನವೇ ಸಿಕ್ಕಿಕೊಂಡಿತು.

ಉತ್ತರ (ಶಿರಾದಿಂದ)

ಶೇ 80ರ ಬಗ್ಗೆ. ಇಲಾಖೆಯ ವರದಿಯಲ್ಲಿ ಭೌತಿಕ ಪ್ರಗತಿ (ಆದ ಕೆಲಸ), ಆರ್ಥಿಕ ಪ್ರಗತಿ (ಖರ್ಚಾದ ಹಣ) ಎಂದು ಎರಡು ಕಾಲಂ ಇರುತ್ತವೆ. ಯಾವುದೆಂದು ಕೇಳದೆ ಬರೆಯಬೇಡಿ. ಕುಡಿಯುವ ನೀರಿನ ಕೆಲಸದಲ್ಲಿ ಪೈಪಿಗೇ ಹೆಚ್ಚು ದುಡ್ಡು. ಪೈಪು ತಂದು ರಸ್ತೆ ಬದಿ ಒಟ್ಟಿದ ಕೂಡಲೇ ಕರಾರಿನಂತೆ ಒಂದು ಪಾಲು ಹಣ ಸಂದಾಯವಾಗಿ ಆರ್ಥಿಕ ಪ್ರಗತಿ ನೆಗೆಯುತ್ತದೆ, ನಲ್ಲಿಯಲ್ಲಿ ಹನಿಯೂ ಇರುವುದಿಲ್ಲ. ಭೌತಿಕ ಅಂಕಿಯೂ ಮೋಸ ಮಾಡುತ್ತದೆ: 10 ಕಿ.ಮೀ. ರಸ್ತೆಯಲ್ಲಿ 9 ಕಿ.ಮೀ. ಡಾಂಬರಾಗಿ, ನಡುವಿನ ಸೇತುವೆಯೊಂದು ಏಳದಿದ್ದರೆ ಬಸ್ಸು ಓಡುವುದಿಲ್ಲ. ಉಳಿದದ್ದು ಯಾವ ಭಾಗ ಎಂದು ಬರೆದರೆ ಶೇಕಡಾವಾರು ಬೇಕಾಗುವುದೇ ಇಲ್ಲ.

ಪ್ರಶ್ನೆಯಲ್ಲಿಲ್ಲದ ಇನ್ನೊಂದು ಪದ ‘ಚಾಲನೆ’. ಪೂಜೆಗೂ ಚಾಲನೆ, ಉದ್ಘಾಟನೆಗೂ ಚಾಲನೆ. ಸುದ್ದಿಯಲ್ಲಿ ಕಾರ್ಯಾದೇಶದ ತಾರೀಖು, ಜಾಗ ಹಸ್ತಾಂತರದ ತಾರೀಖು, ಕರಾರಿನ ಅವಧಿ ಇಷ್ಟನ್ನು ಕೊಡಿ. ವಿಳಂಬ ಎಷ್ಟು ತಿಂಗಳದ್ದೆಂದು ಓದುವವರೇ ಕಳೆದು ನೋಡಿಕೊಳ್ಳುತ್ತಾರೆ.